ಅಚ್ಚು

ಮಾಮೂಲ್‌ಪೇಟೆಯಲ್ಲಿ ಕೇಳಿದರೆ ಯಾರಾದರೂ ತೋರಿಸುತ್ತಾರೆ:
ಬಕೆಟ್ ಅಂಗಡಿ ದಾಟಿ, ಹಗ್ಗದವರ ಪಕ್ಕ,
ಮೆಟ್ಟಿಲ ಕೆಳಗಿನ ಮೂರಡಿ ಜಾಗ.
ಬೋರ್ಡಿಲ್ಲ. ಅಪ್ಪ ಅನ್ನುತ್ತಿದ್ದ,
ಹೆಸರು ಕೊರೆಯುವವನಿಗೆ ಬೋರ್ಡು ಯಾಕಮ್ಮ,
ಮಿಷನ್ನು ಗರ್ರೆಂದರೆ ಬೀದಿಗೇ ಗೊತ್ತಾಗುತ್ತೆ.
ಬಿಲ್ ಬುಕ್ಕಿನಲ್ಲಿ ಮಾತ್ರ ಇದೆ: ಅಚ್ಚು.
ಪ್ರೊಪ್ರೈಟರ್ ವೀರಭದ್ರಾಚಾರ್. ಈಗ
ಅದಕ್ಕೊಂದು ಗೆರೆ ಎಳೆದು, ಮೋಹನಾಂಬ.

ಸೋದರಳಿಯ ಹೇಳಿದ, ಫೋನಲ್ಲಿ ಅಂಗಡಿ ಇಡಬೇಕು ಅತ್ತೆ,
ಪೇಟೆಗೆ ಯಾರು ಬರ್ತಾರೆ, ಪಾರ್ಕಿಂಗ್ ಎಲ್ಲಿದೆ?
ಇಟ್ಟೆ. ಹೆಸರು ಕೇಳಿತು. ಕೊಟ್ಟೆ,
ಕನ್ನಡದಲ್ಲಿ ಎರಡೇ ಅಕ್ಷರ, ಇಂಗ್ಲಿಷಿನಲ್ಲಿ ಆರಾಗುತ್ತೆ.
ಕೆಂಪಗೆ ಬಂತು: ಇದು ಈಗಾಗಲೇ ಬೇರೆಯವರದು.

ಒಂದು ಎಚ್ ಕಿತ್ತು ನೋಡಿದೆ. ಅದೂ ಹೋಗಿದೆ.
ಕೊನೆಗಿನ್ನೊಂದು ಯು. ಅದು ಯಾವುದೋ ಬೇಕರಿ.
ಚುಕ್ಕಿ ಇಡಿ, ಅಡಿಗೆರೆ ಹಾಕಿ, ಎಂದು ಅದೇ ಕರುಣೆ ತೋರಿ
ಒಂದು ಹೆಸರು ಕೊಟ್ಟಿತು: ಅಚ್ಚು ನಾನೂರಾ ಏಳು.
ಖೈದಿಗೆ ಕೊಟ್ಟ ಹಾಗೆ.

ಚುಕ್ಕಿಯ ಮೇಲೆ ನನಗೆ ಬೇಸರವಿಲ್ಲ.
ಸ್ಟೀಲಿನ ಮೇಲೆ ಅಕ್ಷರವೆಂದರೇ ಚುಕ್ಕಿಗಳ ಸಾಲು,
ತೀರ ಹತ್ತಿರದಿಂದ ನೋಡಿದರೆ ಯಾರ ಹೆಸರೂ ಪೂರ್ತಿ ಇಲ್ಲ.
ಆದರೆ ಸುಮ್ಮಸುಮ್ಮನೆ ನಡುವೆ ಒಂದು ಚುಕ್ಕಿ,
ಅದು ಪಾತ್ರೆ ತೂತಾದಂತೆ.

ಒಡೆಯರು ಯಾರೆಂದು ನೋಡಿದೆ.
ಒಂದೇ ಫೋಟೋ. ಕೋರೆಹಲ್ಲು ಬಿದ್ದ ಹುಡುಗಿ,
ಕೈಯಲ್ಲಿ ಕಚ್ಚಿದ ಜೋಳದ ತೆನೆ.
ಹನ್ನೊಂದು ಜನ ಹಿಂಬಾಲಕರು. ಹನ್ನೆರಡು ವರ್ಷದಿಂದ ಸದ್ದಿಲ್ಲ.
ಬೀಗ ಹಾಕಿದ ಮನೆಯ ಮುಂದೆ ಬಾಡಿಗೆ ಕೇಳುವವಳಂತೆ
ನಮಸ್ಕಾರ ಅಂತ ಬರೆದೆ. ವಾರ ಬಿಟ್ಟು ಮತ್ತೆ ಬರೆದೆ.

ಕಂಪನಿಯವರು ಟ್ರೇಡ್‌ಮಾರ್ಕ್ ಇದೆಯಾ ಅಂದರು.
ಯಲಹಂಕದಿಂದ ಒಬ್ಬ ಫೋನ್ ಮಾಡಿ,
ಬಿಡಿಸಿಕೊಡ್ತೀನಿ ಮೇಡಂ, ನಲವತ್ತು ಸಾವಿರ, ಅಂದ.
ಸೈಟು ಬಿಡಿಸಿಕೊಡುವವರ ದನಿ.
ನಾನು ಅಕ್ಷರಕ್ಕೆ ಐದು ರೂಪಾಯಿ ತಗೊಳ್ಳುವವಳು.
ಫೋನಿಟ್ಟು ಲೆಕ್ಕ ಹಾಕಿದೆ: ಎಂಟು ಸಾವಿರ ಅಕ್ಷರ.

ದಾಖಲೆ ಕೇಳಿದರು. ದಾಖಲೆ ಊರ ತುಂಬ ಇದೆ,
ಶ್ರೀರಾಮಪುರದ ತಟ್ಟೆಗಳಲ್ಲಿ, ಹನುಮಂತನಗರದ ಕೊಳಗಗಳಲ್ಲಿ,
'ಚಿ. ತೇಜಸ್ವಿನಿಯ ನಾಮಕರಣದ ನೆನಪಿಗೆ' ಎಂದು
ಕುಂಕುಮದ ಬಟ್ಟಲಷ್ಟು ಜಾಗದಲ್ಲಿ.
ಮದುವೆಗೆ ಎರವಲು ಹೋದ ಹಂಡೆಗಳು
ಆ ಹೆಸರು ಹಿಡಿದುಕೊಂಡೇ ಮನೆಗೆ ಮರಳಿವೆ.
ಅವುಗಳ ತಳ ತಿರುಗಿಸಿ ಯಾರಿಗೆ ತೋರಿಸಲಿ?

ಕೊನೆಗೆ ಹನ್ನೊಂದು ಜನರನ್ನೂ ಒಬ್ಬೊಬ್ಬರಾಗಿ ಕೇಳಿದೆ.
ಏಳನೆಯವರು, ನಾಗರಬಾವಿಯ ಒಬ್ಬ ಚಿಕ್ಕಮ್ಮ, ನಂಬರ್ ಕೊಟ್ಟರು.

ಶನಿವಾರ ಬಂದಳು ಅರ್ಚಿತಾ. ಹಲ್ಲೆಲ್ಲ ಬಂದಿವೆ.
ಮಿನರ್ವ ಸರ್ಕಲ್ ಹತ್ತಿರದ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ.
"ಕೊಡೋಕೆ ನನ್ ಹತ್ರ ಏನೂ ಇಲ್ಲ ಆಂಟಿ,
ಐದನೇ ಕ್ಲಾಸಲ್ಲಿ ಮಾಡಿದ್ದು. ಪಾಸ್‌ವರ್ಡೇ ನೆನಪಿಲ್ಲ."
ಸ್ಟೂಲಿನ ಮೇಲೆ ಕೂತು ಒತ್ತಿ ನೋಡಿದಳು:
ಸತ್ತ ನಾಯಿಯ ಹೆಸರು. ಸ್ಕೂಲ್ ವ್ಯಾನಿನ ನಂಬರು.
ಯಾವನೋ ಹುಡುಗನದು, ಅದನ್ನು ಮಾತ್ರ ಕೈ ಮರೆಮಾಡಿ.
ಒಂದಕ್ಕೂ ಬಾಗಿಲು ತೆರೆಯಲಿಲ್ಲ.
"ನಾನೇ ಅಚ್ಚು ಅಂತ ಇದಕ್ಕೆ ಹೇಗೆ ಹೇಳೋದು?"
ಒಂದು ಗಂಟೆ ಬಿಟ್ಟು ಪ್ರಯತ್ನಿಸಿ ಅಂತು ಫೋನು.

ಅಷ್ಟರಲ್ಲಿ ಅವಳ ಊಟದ ಡಬ್ಬಿಯ ಮುಚ್ಚಳ ಎಳೆದುಕೊಂಡೆ.
ಗರ್ರ್. ಎರಡಕ್ಷರ.
ಒತ್ತು ಕೊಂಚ ಬಲಕ್ಕೆ ಜಾರಿತು. ಅಪ್ಪನದೂ ಹಾಗೇ.
ಬೇಡ ಅಂದರೂ ಹತ್ತು ರೂಪಾಯಿ ಇಟ್ಟಳು,
ಡ್ಯೂಟಿಗೆ ಹೊತ್ತಾಯಿತೆಂದು ಓಡಿದಳು,
ಡಬ್ಬಿ ಮಾತ್ರ ಹಿಡಿದು.

ಮುಚ್ಚಳ ಇಲ್ಲೇ ಉಳಿದಿದೆ.
ಕರೆದರೆ, ಆ ಕಡೆ ಬಂದಾಗ ತಗೋತೀನಿ ಆಂಟಿ, ಅನ್ನುತ್ತಾಳೆ.
ಮೂರು ತಿಂಗಳಾಯಿತು.
ಎರಡು ಮೊಳೆ ಹೊಡೆದು ಅದರ ಮೇಲೆ ಕೂರಿಸಿದ್ದೇನೆ,
ಬೆಳಿಗ್ಗೆ ಮಿಷನ್ ಜೊತೆ ಅದನ್ನೂ ಒರೆಸುತ್ತೇನೆ.
ನಿನ್ನೆ ಹಗ್ಗದಂಗಡಿ ಮುನಾವರ್ ಸಾಬರು
ಚಹಾ ಲೋಟ ಹಿಡಿದು, ತಲೆ ಎತ್ತಿ ನೋಡಿ ಅಂದರು:
ಕೊನೆಗೂ ಬೋರ್ಡ್ ಹಾಕಿಸಿದೆಯಲ್ಲಮ್ಮ.